ಹಕ್ಕಳೆ ಕೀಳುವ ಕಾಯಿಲೆ: ಚೀಟಿಯಲ್ಲಿ ಏನಿರಬೇಕು, ಕೋಡ್ ಹೇಗೆ ಬೀಳುತ್ತದೆ

ಗಾಯ ಒಣಗಿ ಹಕ್ಕಳೆ ಕಟ್ಟಿದಾಗ ಅದನ್ನು ಕಿತ್ತು ನೋಡದವರು ಕಡಿಮೆ. ಮೊಡವೆ ಹಿಸುಕುವುದು, ಉಗುರಿನ ಪಕ್ಕದ ಸಿಪ್ಪೆ ಎಳೆಯುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ‘ಕೈ ಸುಮ್ಮನಿಟ್ಕೋ’ ಎಂದು ಅಮ್ಮ ಗದರಿದರೆ ಬಹುತೇಕ ಮಕ್ಕಳಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ. ಕೆಲವರಲ್ಲಿ ನಿಲ್ಲುವುದಿಲ್ಲ. ಮುಖ, ತೋಳು, ನೆತ್ತಿ, ಬೆರಳ ತುದಿ, ಎಲ್ಲಿ ಸ್ವಲ್ಪ ತರಿ ಸಿಕ್ಕರೂ ಉಗುರು ಅಲ್ಲಿಗೆ ಹೋಗುತ್ತದೆ. ಮಾಯುತ್ತಿದ್ದ ಗಾಯದಿಂದ ಮತ್ತೆ ರಕ್ತ ಬರುತ್ತದೆ. ಇನ್ನು ಕೀಳುವುದಿಲ್ಲ ಎಂದು ಅವರೇ ಎಷ್ಟೋ ಸಲ ಪಣ ತೊಟ್ಟಿರುತ್ತಾರೆ, ಆಗಿರುವುದಿಲ್ಲ. ಬೇಸಿಗೆಯಲ್ಲೂ ತುಂಬುತೋಳಿನ ಬಟ್ಟೆ ಹಾಕುತ್ತಾರೆ. ಮದುವೆ ಮನೆಗೆ ಹೋಗಲು ಹಿಂಜರಿಯುತ್ತಾರೆ.

ವೈದ್ಯರು ಇದನ್ನು ಎಕ್ಸ್‌ಕೋರಿಯೇಷನ್ ಡಿಸಾರ್ಡರ್ ಅಥವಾ ಸ್ಕಿನ್ ಪಿಕಿಂಗ್ ಡಿಸಾರ್ಡರ್ ಎನ್ನುತ್ತಾರೆ, ಅಂದರೆ ತಡೆಯಲಾಗದೆ ಚರ್ಮ ಕೀಳುವ ಕಾಯಿಲೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂ-5ರ ಪ್ರಕಾರ, ವಯಸ್ಕರಲ್ಲಿ ಸುಮಾರು ಶೇ 1.4ರಷ್ಟು ಮಂದಿಗೆ ಜೀವನದಲ್ಲಿ ಯಾವಾಗಲಾದರೂ ಇದು ಕಾಡಿರುತ್ತದೆ. ಅವರಲ್ಲಿ ಮುಕ್ಕಾಲು ಪಾಲಿಗಿಂತ ಕಡಿಮೆಯಿಲ್ಲದಷ್ಟು ಮಂದಿ ಹೆಂಗಸರು.

ಚಿಕಿತ್ಸೆಯ ವಿಚಾರ ಬೇರೆ ಲೇಖನಕ್ಕೆ ಆಗುವಷ್ಟಿದೆ. ಇಲ್ಲಿ ಹೇಳಹೊರಟಿರುವುದು ಕಾಗದದ ವಿಚಾರ. ಡಾಕ್ಟರ್ ಚೀಟಿಯಲ್ಲಿ ಏನು ಬರೆಯುತ್ತಾರೆ, ಅದು ಹೇಗೆ ಒಂದು ಕೋಡ್ ಆಗುತ್ತದೆ, ಆ ಕೋಡ್ ತಪ್ಪಿದರೆ ಏನಾಗುತ್ತದೆ. ಕಾಯಿಲೆ ಇರುವವರಿಗೂ ಮನೆಯವರಿಗೂ ಇದು ಬೇಕು. ಬೆಂಗಳೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಚಾರ್ಟ್ ಓದಿ ಕೋಡ್ ಹಾಕುವ ನಮ್ಮ ಹುಡುಗ ಹುಡುಗಿಯರಿಗೂ ಬೇಕು.

ಮೆಡಿಕಲ್ ಕೋಡಿಂಗ್ ಎಂದರೆ ರೋಗದ ಹೆಸರನ್ನು ಒಪ್ಪಿತವಾದ ಒಂದು ಸಂಖ್ಯೆಗೆ ಇಳಿಸುವುದು. ಪಿನ್‌ಕೋಡ್ ಇದ್ದ ಹಾಗೆ: ಊರಿನ ಹೆಸರನ್ನು ಯಾರು ಹೇಗೆ ಬರೆದರೂ ಕಾಗದ ಅದೇ ಊರಿಗೆ ತಲುಪಬೇಕು. ಈ ಸಂಖ್ಯೆಗಳ ಮೂಲ ಪುಸ್ತಕ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ, ಅಂದರೆ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣ. ಗೊಂದಲ ಶುರುವಾಗುವುದೇ ಇಲ್ಲಿ, ಏಕೆಂದರೆ ಚಾಲ್ತಿಯಲ್ಲಿರುವುದು ಒಂದೇ ಪುಸ್ತಕವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಇದೆ. ನಮ್ಮ ಆಸ್ಪತ್ರೆಗಳ ದಾಖಲೆ ಕೋಣೆಯಲ್ಲಿ ಹೆಚ್ಚಾಗಿ ಸಿಗುವುದು ಅದೇ. ಅದನ್ನೇ ಹಿಗ್ಗಿಸಿ ಅಮೆರಿಕ ತನಗಾಗಿ ಮಾಡಿಕೊಂಡ ಐಸಿಡಿ-10-ಸಿಎಂ ಇದೆ. 2022ರ ಜನವರಿ 1ರಿಂದ ಜಾರಿಗೆ ಬಂದ ಐಸಿಡಿ-11 ಕೂಡ ಇದೆ. ಚರ್ಮ ಕೀಳುವ ಕಾಯಿಲೆ ಈ ಮೂರರಲ್ಲೂ ಮೂರು ಕಡೆ ಕೂತಿದೆ.

ಮೊದಲು ಅಮೆರಿಕದ್ದು. ಅಲ್ಲಿ ಇದರ ಕೋಡ್ ಎಫ್42.4. ಎಫ್ ಎಂದರೆ ಮಾನಸಿಕ ಕಾಯಿಲೆಗಳ ಅಧ್ಯಾಯ, 42 ಎಂದರೆ ಗೀಳುರೋಗ, ಅಂದರೆ ಒಸಿಡಿಯ ಗುಂಪು. ಈ ಕೋಡ್ ಹಳೆಯದೇನಲ್ಲ. ಕಾಯಿಲೆಯನ್ನು 1875ರಲ್ಲೇ ಇಂಗ್ಲೆಂಡಿನ ಚರ್ಮವೈದ್ಯ ಎರಾಸ್ಮಸ್ ವಿಲ್ಸನ್ ‘ನ್ಯೂರಾಟಿಕ್ ಎಕ್ಸ್‌ಕೋರಿಯೇಷನ್’ ಎಂದು ವಿವರಿಸಿದ್ದರು. ಆದರೆ ಮನೋವೈದ್ಯರ ಕೈಪಿಡಿಯಲ್ಲಿ ಅದಕ್ಕೆ ಸ್ವಂತ ಜಾಗ ಸಿಕ್ಕಿದ್ದು 2013ರಲ್ಲಿ, ಡಿಎಸ್‌ಎಂ-5 ಬಂದಾಗ. ಆಗಲೂ ಕೋಡ್ ಪುಸ್ತಕದಲ್ಲಿ ತಕ್ಕ ಸಂಖ್ಯೆ ಇರಲಿಲ್ಲವಾದ್ದರಿಂದ ಚರ್ಮದ ಅಧ್ಯಾಯದ ಎಲ್98.1 ಎಂಬುದನ್ನೇ ಬಳಸಿದರು. 2016ರ ಅಕ್ಟೋಬರ್ 1ರಂದು ಎಫ್42 ಅನ್ನು ಒಡೆದು ಎಫ್42.2, 42.3, 42.4 ಎಂದು ಮಾಡಿದ ಮೇಲಷ್ಟೇ ಇದಕ್ಕೆ ತನ್ನದೇ ಸಂಖ್ಯೆ ಬಂತು. ಹಳೇ ಟೆಂಪ್ಲೇಟ್ ಇಟ್ಟುಕೊಂಡಿರುವ ಕ್ಲಿನಿಕ್ಕುಗಳಿಂದ ಇವತ್ತಿಗೂ ಎಲ್98.1 ಬಂದರೆ ಆಶ್ಚರ್ಯಪಡಬೇಕಿಲ್ಲ.

ಎಲ್98.1 ಹಾಕಿದರೆ ಏನಾಯ್ತು, ಎರಡೂ ಚರ್ಮದ ಗಾಯವೇ ಅಲ್ಲವೇ ಎಂದು ಕೇಳಬಹುದು. ವ್ಯತ್ಯಾಸ ದೊಡ್ಡದಿದೆ. ಎಲ್98.1ರ ಹೆಸರು ಫ್ಯಾಕ್ಟಿಷಿಯಲ್ ಡರ್ಮಟೈಟಿಸ್. ರೋಗಿ ತಾನೇ ಗಾಯ ಮಾಡಿಕೊಂಡು, ಹೇಗಾಯಿತೆಂದು ವೈದ್ಯರಿಂದ ಮುಚ್ಚಿಡುವ ಸ್ಥಿತಿಗೆ ಚರ್ಮವೈದ್ಯರು ಬಳಸುವ ಹೆಸರು ಅದು. ಚರ್ಮ ಕೀಳುವ ಕಾಯಿಲೆಯವರು ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ನಾಚಿಕೆಯಿಂದ ಮೊದಲು ಹೇಳದೆ ಇರಬಹುದು, ನಿಧಾನವಾಗಿ ಕೇಳಿದರೆ ‘ನಾನೇ ಕೀಳ್ತೀನಿ, ಬಿಡೋಕಾಗ್ತಿಲ್ಲ’ ಎನ್ನುತ್ತಾರೆ. ನಿಜ ಹೇಳಿದವರ ದಾಖಲೆಯಲ್ಲಿ ನಿಜ ಮುಚ್ಚಿಟ್ಟವರ ಕೋಡ್ ಕೂರುವುದು ನನ್ನ ಮಟ್ಟಿಗೆ ಅನ್ಯಾಯ. ನಿಯಮದ ಪ್ರಕಾರವೂ ಅದು ಸರಿಯಲ್ಲ. ಅಮೆರಿಕದ ಪುಸ್ತಕದಲ್ಲಿ ಈ ಎರಡು ಕೋಡ್‌ಗಳ ಮಧ್ಯೆ ‘ಎಕ್ಸ್‌ಕ್ಲೂಡ್ಸ್ 1’ ಎಂಬ ಸೂಚನೆ ಇದೆ. ಒಂದೇ ಸಮಸ್ಯೆಗೆ ಎರಡನ್ನೂ ಒಟ್ಟಿಗೆ ಹಾಕುವಂತಿಲ್ಲ ಎಂದು ಅದರ ಅರ್ಥ. ಒಂದು ತೊಡಕನ್ನೂ ಹೇಳಬೇಕು: ವಿಲ್ಸನ್ ಕಾಲದ ‘ನ್ಯೂರಾಟಿಕ್ ಎಕ್ಸ್‌ಕೋರಿಯೇಷನ್’ ಎಂಬ ಹೆಸರು ಪುಸ್ತಕದಲ್ಲಿ ಈಗಲೂ ಎಲ್98.1ರ ಅಡಿಯಲ್ಲೇ ಇದೆ. ವೈದ್ಯರು ಹಳೇ ರೂಢಿಯಿಂದ ಹಾಗೆ ಬರೆದರೆ ಕೋಡರ್ ಸೂಚಿ ನೋಡಿ ಅಲ್ಲಿಗೇ ಹೋಗುತ್ತಾನೆ. ತಪ್ಪು ಅವನದಲ್ಲ.

ಕೋಡರ್ ರೋಗಿಯನ್ನು ನೋಡುವುದಿಲ್ಲ, ಗಾಯವನ್ನೂ ನೋಡುವುದಿಲ್ಲ. ಅವನ ಮುಂದಿರುವುದು ವೈದ್ಯರು ಬರೆದ ನಾಲ್ಕು ಸಾಲು ಮಾತ್ರ. ಅದರಲ್ಲಿ ಇಲ್ಲದ್ದನ್ನು ಊಹಿಸುವ ಹಕ್ಕು ಅವನಿಗಿಲ್ಲ.

ಒಂದು ಉದಾಹರಣೆ ಮಾಡಿಕೊಳ್ಳೋಣ. ಚಾರ್ಟ್‌ನಲ್ಲಿ ಹೀಗಿದೆ: ‘ಎರಡೂ ಮುಂಗೈ ಮೇಲೆ ಹಳೆ ಗಾಯಗಳು. ಕೆರೆದುಕೊಳ್ಳುತ್ತಾರೆ. ಒತ್ತಡ ಇದೆ ಎನ್ನುತ್ತಾರೆ. ಮುಲಾಮು ಕೊಟ್ಟಿದೆ.’ ಓದಿದವರಿಗೆ ಸಂಗತಿ ಏನೆಂದು ಗೊತ್ತಾಗುತ್ತದೆ, ಆದರೆ ಇದರಿಂದ ಎಫ್42.4 ಹಾಕಲು ಬರುವುದಿಲ್ಲ. ರೋಗದ ಹೆಸರೇ ಇಲ್ಲ. ತುರಿಕೆಯಿಂದ ಕೆರೆದುಕೊಂಡರೋ, ಕಜ್ಜಿಯೋ, ಬೇಕೆಂದೇ ಗಾಯ ಮಾಡಿಕೊಂಡರೋ ಎಂಬುದೂ ಇಲ್ಲ.

ಅದೇ ರೋಗಿಯ ಬಗ್ಗೆ ಇನ್ನೊಬ್ಬ ವೈದ್ಯರು ಬರೆದರು ಎನ್ನೋಣ: ‘ಎರಡು ವರ್ಷದಿಂದ ಎರಡೂ ಮುಂಗೈ ಮತ್ತು ಕೆನ್ನೆಯ ಚರ್ಮವನ್ನು ಉಗುರು ಹಾಗೂ ಚಿಮಟದಿಂದ ಕೀಳುತ್ತಿದ್ದಾರೆ, ದಿನಕ್ಕೆ ಸುಮಾರು ಎರಡು ಗಂಟೆ. ಕೈಗವಸು ಹಾಕಿಕೊಂಡು, ಉಗುರು ಪೂರ್ತಿ ಕತ್ತರಿಸಿ ನಿಲ್ಲಿಸಲು ಪ್ರಯತ್ನಿಸಿದ್ದಾರೆ, ಆಗಿಲ್ಲ. ಗಾಯ ಕಾಣುತ್ತದೆಂದು ಕೆಲಸಕ್ಕೆ ರಜೆ ಹಾಕುತ್ತಿದ್ದಾರೆ. ತುರಿಕೆ ಮೊದಲು ಬರುವುದಿಲ್ಲ, ಕಜ್ಜಿ ಇಲ್ಲ. ಮಾದಕ ವಸ್ತು ಬಳಕೆ ಇಲ್ಲ. ಚರ್ಮದೊಳಗೆ ಹುಳ ಹರಿಯುತ್ತದೆ ಎಂಬ ಭ್ರಮೆ ಇಲ್ಲ. ಸಾಯುವ ಅಥವಾ ತನಗೆ ನೋವು ಮಾಡಿಕೊಳ್ಳುವ ಉದ್ದೇಶ ಇಲ್ಲ. ರೋಗನಿರ್ಣಯ: ಸ್ಕಿನ್ ಪಿಕಿಂಗ್ ಡಿಸಾರ್ಡರ್.’ ಇದಕ್ಕೆ ಎಫ್42.4 ಹಾಕಲು ಕೋಡರ್‌ಗೆ ಅರ್ಧ ನಿಮಿಷ ಸಾಕು. ವಿಮೆಯವರು ಪ್ರಶ್ನಿಸಿದರೂ ಉತ್ತರ ಕಾಗದದಲ್ಲೇ ಇದೆ.

ಎರಡನೆಯ ಬರಹ ಉದ್ದವಾಗಿದೆ ಎಂಬುದಷ್ಟೇ ಅದರ ಗುಣವಲ್ಲ. ಡಿಎಸ್‌ಎಂ-5 ಕೇಳುವ ಐದು ಸಂಗತಿಗಳೂ ಅದರಲ್ಲಿವೆ: ಮತ್ತೆ ಮತ್ತೆ ಕಿತ್ತು ಗಾಯವಾಗಿರಬೇಕು, ನಿಲ್ಲಿಸಲು ಪ್ರಯತ್ನಿಸಿರಬೇಕು, ಅದರಿಂದ ಯಾತನೆಯೋ ಕೆಲಸಕಾರ್ಯಕ್ಕೆ ತೊಂದರೆಯೋ ಆಗಿರಬೇಕು, ಮಾದಕ ವಸ್ತು ಅಥವಾ ಬೇರೆ ದೈಹಿಕ ಕಾಯಿಲೆ ಕಾರಣವಾಗಿರಬಾರದು, ಬೇರೆ ಮಾನಸಿಕ ಕಾಯಿಲೆಯಿಂದ ಇದನ್ನು ಹೆಚ್ಚು ಚೆನ್ನಾಗಿ ವಿವರಿಸಲು ಬರಬಾರದು. ಈ ಪೈಕಿ ಹೆಚ್ಚು ಬಿಟ್ಟುಹೋಗುವುದು ಎರಡನೆಯದು ಮತ್ತು ಮೂರನೆಯದು. ಕಾರಣ ಸರಳ: ರೋಗಿ ಹೇಳದೆ ವೈದ್ಯರಿಗೆ ಅವು ತಿಳಿಯುವಂಥವಲ್ಲ. ಆದ್ದರಿಂದ ಡಾಕ್ಟರ್ ಬಳಿ ಹೋಗುವಾಗ ಗಾಯ ತೋರಿಸಿ ಸುಮ್ಮನಾಗಬೇಡಿ. ಯಾವಾಗಿನಿಂದ, ದಿನಕ್ಕೆ ಎಷ್ಟು ಹೊತ್ತು, ಯಾವುದರಿಂದ ಕೀಳುತ್ತೀರಿ, ಬಿಡಲು ಏನೇನು ಮಾಡಿದಿರಿ, ಇದರಿಂದ ಏನು ತಪ್ಪಿಹೋಯಿತು ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ತೀವ್ರತೆ ಅಳೆಯಲು ಎಂಟು ಪ್ರಶ್ನೆಗಳ ‘ಸ್ಕಿನ್ ಪಿಕಿಂಗ್ ಸ್ಕೇಲ್’ ಎಂಬ ಪರಿಷ್ಕೃತ ಅಳತೆಪಟ್ಟಿ ಇದೆ, 0ಯಿಂದ 32ರವರೆಗೆ ಅಂಕ. ಮೊದಲ ದಿನದ ಅಂಕ ದಾಖಲಾಗಿದ್ದರೆ ಮೂರು ತಿಂಗಳ ಬಳಿಕ ಗುಣ ಕಂಡಿತೋ ಇಲ್ಲವೋ ಎಂದು ಜಗಳವಿಲ್ಲದೆ ಹೇಳಬಹುದು.

ಕೋಡಿಂಗ್ ಮಾಡುವವರಿಗೆ ಇನ್ನಷ್ಟು. ಹೊರರೋಗಿ ವಿಭಾಗದ ಚಾರ್ಟ್‌ನಲ್ಲಿ ವೈದ್ಯರು ‘ಬಹುಶಃ ಸ್ಕಿನ್ ಪಿಕಿಂಗ್’, ‘ಶಂಕೆ ಇದೆ’ ಎಂದು ಬರೆದಿದ್ದರೆ ಎಫ್42.4 ಹಾಕಬಾರದು. ಅಮೆರಿಕದ ಅಧಿಕೃತ ಮಾರ್ಗಸೂಚಿಯ ಪ್ರಕಾರ ಅಲ್ಲಿ ಕಂಡ ಲಕ್ಷಣಕ್ಕಷ್ಟೇ ಕೋಡ್. ಒಳರೋಗಿಯಾಗಿದ್ದು ಬಿಡುಗಡೆಯ ಹೊತ್ತಿಗೂ ‘ಬಹುಶಃ’ ಎಂದೇ ಇದ್ದರೆ, ರೋಗ ಇದೆ ಎಂದೇ ಕೋಡ್ ಹಾಕಲು ಅವಕಾಶವಿದೆ. ಹೊಸಬರು ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ, ಕೆಲಸದಲ್ಲಿ ಮರೆಯುತ್ತಾರೆ. ಬರಹ ಅಸ್ಪಷ್ಟವಿದ್ದರೆ ವೈದ್ಯರಿಗೆ ‘ಕ್ವೆರಿ’, ಅಂದರೆ ಲಿಖಿತ ಪ್ರಶ್ನೆ ಕಳಿಸಬೇಕು. ‘ಇದು ಸ್ಕಿನ್ ಪಿಕಿಂಗ್ ಡಿಸಾರ್ಡರ್ ತಾನೇ?’ ಎಂದು ಉತ್ತರ ಬಾಯಿಗಿಟ್ಟು ಕೇಳುವಂತಿಲ್ಲ. ಚಾರ್ಟ್‌ನಲ್ಲಿ ಆಧಾರವಿರುವ ಆಯ್ಕೆಗಳನ್ನು ಕೊಟ್ಟು, ‘ಬೇರೆ’, ‘ಹೇಳಲಾಗದು’ ಎಂಬವನ್ನೂ ಸೇರಿಸಿ ಕೇಳಬೇಕು.

ಹತ್ತಿರದ ಕೋಡ್‌ಗಳು ಕಾಲಿಗೆ ತೊಡರುತ್ತವೆ. ಮೊಡವೆಯನ್ನಷ್ಟೇ ಕಿತ್ತು ಗಾಯ ಮಾಡಿಕೊಂಡದ್ದನ್ನು ವೈದ್ಯರು ಆಕ್ನೆ ಎಕ್ಸ್‌ಕೋರಿಯೆ ಎಂದು ಬರೆದಿದ್ದರೆ ಅದು ಎಲ್70.5. ಉಗುರು ಕಚ್ಚುವುದು ಎಫ್98.8. ಕೂದಲು ಕೀಳುವ ಕಾಯಿಲೆ ಎಫ್63.3. ಸಾಯುವ ಇರಾದೆ ಇಲ್ಲದೆ ತನಗೆ ನೋವು ಮಾಡಿಕೊಳ್ಳುವುದು ಆರ್45.88, ಅದು 2021ರ ಅಕ್ಟೋಬರ್‌ನಲ್ಲಿ ಬಂದದ್ದು. ಈ ಕೊನೆಯದನ್ನು ಚರ್ಮ ಕೀಳುವವರಿಗೆ ಅಂಟಿಸದಂತೆ ವಿಶೇಷ ಎಚ್ಚರ ಬೇಕು. ನೋವು ಮಾಡಿಕೊಳ್ಳಬೇಕೆಂದು ಇವರು ಕೀಳುವುದಿಲ್ಲ, ತರಿ ಹೋಗಲಿ ಎಂದೋ ಚಡಪಡಿಕೆ ಇಳಿಯಲಿ ಎಂದೋ ಕೀಳುತ್ತಾರೆ, ಎಷ್ಟೋ ಸಲ ಟಿವಿ ನೋಡುತ್ತಾ ಗೊತ್ತೇ ಇಲ್ಲದೆ ಕೀಳುತ್ತಾರೆ.

ಕಿತ್ತ ಜಾಗಕ್ಕೆ ಸೋಂಕು ತಗುಲಿದರೆ ಅದಕ್ಕೆ ಬೇರೆ ಕೋಡ್ ಸೇರುತ್ತದೆ. ಬಲತೋಳಿನಲ್ಲಿ ಸೆಲ್ಯುಲೈಟಿಸ್, ಅಂದರೆ ಚರ್ಮದಡಿ ಹರಡುವ ಸೋಂಕು, ಆಗಿದ್ದರೆ ಎಲ್03.113, ಎಡತೋಳಾದರೆ ಎಲ್03.114; ಮುಖವಾದರೆ ಎಲ್03.211. ವೈದ್ಯರು ಬಲ ಎಡ ಬರೆಯದಿದ್ದರೆ ಕೋಡರ್ ಅಲ್ಲೇ ಸಿಕ್ಕಿಬೀಳುತ್ತಾನೆ. ಅವತ್ತಿನ ಭೇಟಿ ಸೋಂಕಿನ ಚಿಕಿತ್ಸೆಗೇ ಆಗಿದ್ದರೆ ಸೋಂಕಿನ ಕೋಡ್ ಮೊದಲು, ಎಫ್42.4 ಆಮೇಲೆ. ರೋಗಕ್ಕಷ್ಟೇ ಅಲ್ಲ, ಕೊಟ್ಟ ಚಿಕಿತ್ಸೆಗೂ ಕೋಡ್ ಇದೆ; ಮಾತಿನ ಚಿಕಿತ್ಸೆಗೆ ಅಮೆರಿಕದಲ್ಲಿ ಅದು ಸಮಯದ ಲೆಕ್ಕದಲ್ಲಿದೆ. 38ರಿಂದ 52 ನಿಮಿಷದ ಸೈಕೋಥೆರಪಿಗೆ 90834, 53 ನಿಮಿಷ ಅಥವಾ ಹೆಚ್ಚಾದರೆ 90837. ಎಷ್ಟು ಹೊತ್ತು ಎಂದು ಬರೆಯದಿದ್ದರೆ ಹಣವಿಲ್ಲ. ಯಾವ ಚಿಕಿತ್ಸೆ ಎಂಬುದನ್ನೂ ಬರೆದರೆ ಒಳ್ಳೆಯದು. ಈ ಕಾಯಿಲೆಗೆ ಬಳಸುವುದು ಹ್ಯಾಬಿಟ್ ರಿವರ್ಸಲ್ ಟ್ರೇನಿಂಗ್. ಕೈ ಚರ್ಮದತ್ತ ಹೋಗುವ ಗಳಿಗೆಯನ್ನು ಗುರುತಿಸಿ, ಮುಷ್ಟಿ ಬಿಗಿಹಿಡಿಯುವಂಥ ಬೇರೊಂದು ಕೆಲಸವನ್ನು ಕೈಗೆ ಕೊಡುವ ಅಭ್ಯಾಸ ಅದು. 1973ರಲ್ಲಿ ಅಜ್ರಿನ್ ಮತ್ತು ನನ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ರೂಪಿಸಿದರು.

ಈಗ ನಮ್ಮ ಕಡೆ ಬರೋಣ. ಅಮೆರಿಕದ ಎಫ್42.4 ಅನ್ನು ನಮ್ಮ ಆಸ್ಪತ್ರೆಯ ಐಸಿಡಿ-10ರಲ್ಲಿ ಹುಡುಕಿದರೆ ಸಿಗುವುದಿಲ್ಲ. ಆ ಪುಸ್ತಕದಲ್ಲಿ ಎಫ್42.0, 42.1, 42.2 ಆದ ಮೇಲೆ ನೇರ 42.8. ಹಾಗಾಗಿ ನಮ್ಮಲ್ಲಿ ಎಲ್98.1 ಅಥವಾ ‘ಇತರ ಅಭ್ಯಾಸ ಮತ್ತು ಆವೇಗದ ಕಾಯಿಲೆಗಳು’ ಎಂಬ ಎಫ್63.8 ಬರೆಯುವುದುಂಟು. ನಿಮ್ಮ ಚೀಟಿಯಲ್ಲಿ ಅದನ್ನು ಕಂಡು ಗಾಬರಿಯಾಗಬೇಡಿ, ಕೋಡ್ ಪಕ್ಕದಲ್ಲಿ ರೋಗದ ಪೂರ್ತಿ ಹೆಸರು ಬರೆದಿದೆಯೇ ನೋಡಿ. ಐಸಿಡಿ-11 ಬಳಸುವ ಕಡೆ ಈ ಪರದಾಟವಿಲ್ಲ. ಅದರಲ್ಲಿ 6ಬಿ25.1 ಎಂಬ ಸ್ವಂತ ಸಂಖ್ಯೆ ಇದೆ, ಪಕ್ಕದ 6ಬಿ25.0 ಕೂದಲು ಕೀಳುವ ಕಾಯಿಲೆ. ಒಂದೇ ಬಗೆಯ ಎರಡನ್ನು ಅಕ್ಕಪಕ್ಕ ಕೂರಿಸಿದ್ದು ಬುದ್ಧಿವಂತಿಕೆ.

ವಿಮೆ ಸಿಗುತ್ತದೆಯೇ? 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್, ದೈಹಿಕ ಕಾಯಿಲೆಗೆ ಕೊಡುವ ಹಾಗೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಎನ್ನುತ್ತದೆ. ಆದರೆ ಈ ಕಾಯಿಲೆಗೆ ಆಸ್ಪತ್ರೆಯಲ್ಲಿ ದಾಖಲಾಗುವ ಪ್ರಸಂಗ ವಿರಳ, ನಮ್ಮ ಹೆಚ್ಚಿನ ಪಾಲಿಸಿಗಳು ಕೊಡುವುದು ದಾಖಲಾದವರಿಗೆ. ಓಪಿಡಿ ಖರ್ಚಿಗೆ ಬೇರೆ ಸೌಲಭ್ಯ ತೆಗೆದುಕೊಂಡಿರಬೇಕು. ಸೋಂಕು ಜೋರಾಗಿ ದಾಖಲಾದರೆ ಕ್ಲೇಮ್ ಅರ್ಜಿಯ ‘ಬಿ’ ಭಾಗವನ್ನು ಆಸ್ಪತ್ರೆಯವರು ತುಂಬುತ್ತಾರೆ. ಅದರಲ್ಲಿ ಐಸಿಡಿ-10 ಕೋಡ್‌ಗೆಂದೇ ಮನೆಗಳಿವೆ, ಮುಖ್ಯ ಕಾಯಿಲೆಗೆ ಒಂದು, ಜೊತೆಗಿರುವುದಕ್ಕೆ ಒಂದು. ಅಲ್ಲಿ ಅವಸರದಲ್ಲಿ ‘ಸ್ವತಃ ಮಾಡಿಕೊಂಡ ಗಾಯ’ ಎಂದು ಬರೆದುಬಿಟ್ಟರೆ ಪೇಚು, ಬೇಕೆಂದೇ ಮಾಡಿಕೊಂಡ ಗಾಯವನ್ನು ಹೊರಗಿಡುವ ಷರತ್ತು ಕೆಲವು ಪಾಲಿಸಿಗಳಲ್ಲಿದೆ. ಸಹಿ ಮಾಡುವ ಮುನ್ನ ಆ ಪುಟ ಓದಿ. ಹೊಸ ಪಾಲಿಸಿ ಕೊಳ್ಳುವಾಗ ಇರುವ ಕಾಯಿಲೆಯನ್ನು ಮುಚ್ಚಿಡಬೇಡಿ. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ ಈಗ ಹೆಚ್ಚೆಂದರೆ 36 ತಿಂಗಳು. ಮುಚ್ಚಿಟ್ಟದ್ದು ಗೊತ್ತಾದರೆ ಕ್ಲೇಮ್ ಹೋಗುತ್ತದೆ.

‘ಎಫ್’ ಅಕ್ಷರ ದಾಖಲೆಯಲ್ಲಿ ಬಿದ್ದರೆ ಮಗಳ ಮದುವೆಗೆ, ನೌಕರಿಗೆ ತೊಂದರೆಯಾಗುವುದಿಲ್ಲವೇ ಎಂದು ತಂದೆತಾಯಂದಿರು ಕೇಳುವುದು ಸಹಜ. ಅದೇ ಕಾಯ್ದೆಯ 23ನೇ ಸೆಕ್ಷನ್ ಈ ಮಾಹಿತಿಯನ್ನು ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. ನಿಮ್ಮ ದಾಖಲೆ ನಿಮಗೆ ಸಿಗುವ ಹಕ್ಕು 25ನೇ ಸೆಕ್ಷನ್‌ನಲ್ಲಿದೆ. ವೈದ್ಯರ ನಡವಳಿಕೆ ಕುರಿತ 2002ರ ನಿಯಮಗಳ ಪ್ರಕಾರ, ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆಯ ಪ್ರತಿ ಕೊಡಬೇಕು. ಕೋಡ್‌ಗೆ ಹೆದರಿ ‘ಅಲರ್ಜಿ ಅಂತ ಬರೀರಿ ಡಾಕ್ಟ್ರೇ’ ಎಂದು ಕೇಳಿಕೊಳ್ಳುವವರಿದ್ದಾರೆ. ಹಾಗೆ ಮಾಡಿದರೆ ಮುಂದಿನ ಡಾಕ್ಟರ್ ಅಲರ್ಜಿಗೇ ಮಾತ್ರೆ ಕೊಡುತ್ತಾರೆ, ಚರ್ಮ ಕೀಳುವುದು ಮುಂದುವರಿಯುತ್ತದೆ.

ಎಲ್ಲಿಗೆ ಹೋಗಬೇಕು? ಮೊದಲು ಚರ್ಮದ ಡಾಕ್ಟರ್ ಆದರೂ ಸರಿ. ಕಜ್ಜಿ, ತುರಿಕೆ ಇಲ್ಲವೆಂದು ಅವರಿಂದ ಖಚಿತವಾಗಲಿ. ಬಳಿಕ ಮನೋವೈದ್ಯರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಕ್ಲಿನಿಕ್ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಸಿಗುತ್ತಾರೆ. ಸರ್ಕಾರಿ ಕಡೆ ಓಪಿಡಿ ಚೀಟಿಯ ಖರ್ಚು ಅತ್ಯಲ್ಪ. ಖಾಸಗಿಯಲ್ಲಿ ಮಾತಿನ ಚಿಕಿತ್ಸೆಗೆ ಪ್ರತಿ ಸಲ ಹಣ ಕೊಡಬೇಕಾಗುತ್ತದೆ, ವಾರಗಟ್ಟಲೆ ಹೋಗಬೇಕಾಗುತ್ತದೆ, ಮೊದಲೇ ಕೇಳಿಕೊಳ್ಳಿ. ಎಲ್ಲಿಗೆ ಹೋಗಬೇಕೆಂದೇ ತಿಳಿಯದಿದ್ದರೆ 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ.

ಕೋಡ್ ಪುಸ್ತಕಗಳಿಗೂ ದುಡ್ಡು ಕೊಡಬೇಕಿಲ್ಲ. ಐಸಿಡಿ-11 ವಿಶ್ವ ಆರೋಗ್ಯ ಸಂಸ್ಥೆಯ ತಾಣದಲ್ಲೂ, ಐಸಿಡಿ-10-ಸಿಎಂ ಅಮೆರಿಕ ಸರ್ಕಾರದ ತಾಣಗಳಲ್ಲೂ ಉಚಿತ. ಎರಡನೆಯದು ಪ್ರತಿ ಅಕ್ಟೋಬರ್ 1ಕ್ಕೆ ಬದಲಾಗುತ್ತದೆ, ಹಳೇ ಪಿಡಿಎಫ್ ನಂಬಿ ಕೂರಬೇಡಿ. ಕೋಡಿಂಗನ್ನೇ ವೃತ್ತಿ ಮಾಡಿಕೊಳ್ಳುವವರು ಸಾಮಾನ್ಯವಾಗಿ ಎಎಪಿಸಿ ಸಂಸ್ಥೆಯ ಸಿಪಿಸಿ ಪರೀಕ್ಷೆ ಬರೆಯುತ್ತಾರೆ: 100 ಪ್ರಶ್ನೆ, ನಾಲ್ಕು ಗಂಟೆ, ಪಾಸಾಗಲು ಶೇ 70. ಕೆಲಸದ ಗ್ಯಾರಂಟಿ ಕೊಟ್ಟು ದೊಡ್ಡ ಮೊತ್ತ ಕೇಳುವ ತರಬೇತಿ ಕೇಂದ್ರಗಳ ವಿಚಾರದಲ್ಲಿ ಹಣ ಕಟ್ಟುವ ಮೊದಲು ಅಲ್ಲಿ ಕಲಿತವರನ್ನು ಮಾತಾಡಿಸಿ.

ರೋಗಿಗಳಿಗೆ ಒಂದು ಮಾತು. ಡಾಕ್ಟರ ಕೋಣೆಯಿಂದ ಎದ್ದು ಬರುವ ಮುಂಚೆ ಚೀಟಿಯಲ್ಲಿ ‘ಡಯಾಗ್ನೋಸಿಸ್’ ಎಂಬ ಸಾಲನ್ನು ಓದಿ. ಖಾಲಿ ಇದ್ದರೆ ಅಥವಾ ‘ಗಾಯ’ ಎಂದಷ್ಟೇ ಇದ್ದರೆ, ರೋಗದ ಹೆಸರು ಬರೆಯಿರಿ ಎಂದು ಅಲ್ಲೇ ಕೇಳಿ.